ನಂದಿ ಏರಿಗೆ ನಾಲ್ಕು ಲಕ್ಷದ ಸೈಕಲ್ ಬೇಕೆ?

ಚಿಕ್ಕಬಳ್ಳಾಪುರದ ಕಡೆ ರೋಡ್ ಬೈಕ್ ತುಳಿಯುವವರು ದುಬಾರಿ ಸೈಕಲ್ ವಿಚಾರಿಸಲು ಬಂದರೆ ಮೊದಲು ಕೇಳುವುದು ಒಂದೇ ಮಾತು: ನಾಲ್ಕು ಲಕ್ಷ ಹಾಕಿದರೆ ನಂದಿ ಎಷ್ಟು ನಿಮಿಷ ಬೇಗ ಹತ್ತಬಹುದು? ಅಂದಾಜಿನ ಮಾತೇಕೆ, ಲೆಕ್ಕವನ್ನೇ ಹಾಕೋಣ.

ಬೆಟ್ಟದ ಬುಡದಿಂದ ತುದಿಗೆ ರಸ್ತೆ ಸುಮಾರು ಏಳೂವರೆ ಕಿ.ಮೀ., ಏರಬೇಕಾದ ಎತ್ತರ ನಾನೂರು ಮೀಟರಿಗೆ ಸ್ವಲ್ಪ ಮೇಲೆ. ಸವಾರ 70 ಕೆ.ಜಿ., ಸೈಕಲ್ 9.5 ಕೆ.ಜಿ., ನೀರಿನ ಬಾಟಲಿ, ಶೂ, ಹೆಲ್ಮೆಟ್, ಬಟ್ಟೆ ಸೇರಿ 2.5 ಕೆ.ಜಿ. ಅಂದರೆ ಒಟ್ಟು 82. ಈ ಸವಾರ ಒಂದೇ ಸಮನೆ 200 ವಾಟ್ ಶಕ್ತಿ ಹಾಕಿ ತುಳಿದರೆ ಮೇಲೆ ಸೇರಲು ಸುಮಾರು 33 ನಿಮಿಷ ಬೇಕು. ಈಗ ಅವರ ಕೈಗೆ 7.5 ಕೆ.ಜಿ. ತೂಕದ ಕಾರ್ಬನ್ ಬೈಕ್ ಕೊಡಿ. ಅದೇ ಕಾಲು, ಅದೇ 200 ವಾಟ್. ಉಳಿಯುವುದು ಮುಕ್ಕಾಲು ನಿಮಿಷ. ಲಕ್ಷಗಟ್ಟಲೆ ಕೊಟ್ಟು ಇಳಿಸಿದ ಎರಡು ಕೆ.ಜಿ.ಯ ಫಲ ಇಷ್ಟು.

ಇದೇ ಲೆಕ್ಕವನ್ನು ಟೈರಿಗೆ ಹಾಕಿ ನೋಡಿ. ಕಡಿಮೆ ಬೆಲೆಯ ರೋಡ್ ಬೈಕಿನ ಜೊತೆ ಬರುವ ದಪ್ಪ ರಬ್ಬರಿನ, ತಂತಿ ಅಂಚಿನ ಗಡಸು ಟೈರು ರಸ್ತೆಯ ಮೇಲೆ ಉರುಳುವಾಗಲೇ ಸಾಕಷ್ಟು ಶಕ್ತಿ ನುಂಗುತ್ತದೆ. ಅದನ್ನು ತೆಗೆದು ಮೃದುವಾದ ಬಟ್ಟೆಪದರದ ಒಳ್ಳೆಯ ರೇಸಿಂಗ್ ಟೈರು ಹಾಕಿದರೆ ಸಮತಟ್ಟು ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ಎರಡೂ ಚಕ್ರ ಸೇರಿ 15 ವಾಟಿನಷ್ಟು ಉಳಿಯುತ್ತದೆ, ನಂದಿ ಏರಿನಲ್ಲಿ ಏಳೆಂಟು ವಾಟ್. ಸಮಯಕ್ಕೆ ತಿರುಗಿಸಿದರೆ ಒಂದು ನಿಮಿಷಕ್ಕಿಂತ ಕೊಂಚ ಹೆಚ್ಚು. ಜೋಡಿ ಟೈರಿಗೆ ಹತ್ತು ಸಾವಿರದ ಆಸುಪಾಸು ಖರ್ಚು. ಹತ್ತು ಸಾವಿರದ ರಬ್ಬರು ಲಕ್ಷಗಳ ಕಾರ್ಬನ್ನಿಗಿಂತ ಹೆಚ್ಚು ಕೊಡುತ್ತದೆ ಎಂದರೆ ಬಹಳ ಜನ ನಂಬುವುದಿಲ್ಲ. ಆದರೆ ದುಬಾರಿ ಬೈಕಿನ ಮೊದಲ ಸವಾರಿಯಲ್ಲಿ 'ಹಾರಿಕೊಂಡು ಹೋಗುತ್ತೆ' ಅನಿಸುವುದರಲ್ಲಿ ದೊಡ್ಡ ಪಾಲು ಅದರ ಟೈರಿನದೇ.

ಗೇರಿನ ಲೆಕ್ಕ ಇನ್ನೂ ಮುಖ್ಯ. ನಂದಿಯ ಮೇಲ್ಭಾಗದಲ್ಲಿ ಏರು ಕಡಿದಾಗುತ್ತದೆ, ಕೆಲವು ತಿರುವುಗಳ ಒಳಬದಿಯಲ್ಲಿ ಶೇ. 10 ದಾಟುತ್ತದೆ. ಶೇ. 10ರ ಏರಿನಲ್ಲಿ 82 ಕೆ.ಜಿ.ಯನ್ನು ಗಂಟೆಗೆ 10 ಕಿ.ಮೀ. ವೇಗದಲ್ಲಿ ಎತ್ತಲು 220 ವಾಟಿಗಿಂತ ಹೆಚ್ಚು ಬೇಕು. ಮುಂದೆ 34 ಹಲ್ಲು, ಹಿಂದೆ 34 ಹಲ್ಲು ಇದ್ದರೆ ಆ ವೇಗಕ್ಕೆ ಪೆಡಲ್ ನಿಮಿಷಕ್ಕೆ 80 ಸುತ್ತು ತಿರುಗುತ್ತದೆ, ಉಸಿರು ಹಿಡಿತದಲ್ಲಿರುತ್ತದೆ. ಎಷ್ಟೋ ಅಪ್ಪಟ ರೇಸ್ ಬೈಕುಗಳು ಮುಂದೆ 52 ಮತ್ತು 36 ಹಲ್ಲಿನ ಎರಡು ಹಲ್ಲುಚಕ್ರ (52/36), ಹಿಂದೆ 11ರಿಂದ 30 ಹಲ್ಲಿನವರೆಗಿನ ಹಲ್ಲುಚಕ್ರಗಳ ಗೊಂಚಲು, ಅಂದರೆ 11-30 ಕ್ಯಾಸೆಟ್ ಜೊತೆ ಬರುತ್ತವೆ. ಅಲ್ಲಿನ ಅತಿ ಹಗುರ ಗೇರಿನಲ್ಲೂ ಅದೇ ವೇಗಕ್ಕೆ ಪೆಡಲ್ 66 ಸುತ್ತಿಗೆ ಇಳಿಯುತ್ತದೆ. ಪ್ರತಿ ತುಳಿತಕ್ಕೂ ಮೊಣಕಾಲಿನ ಮೇಲೆ ಬೀಳುವ ಒತ್ತಡ ಐದನೇ ಒಂದು ಪಾಲು ಏರುತ್ತದೆ. ಮೊಣಚಿಪ್ಪಿನ ಮುಂಭಾಗ ನೋಯುತ್ತದೆ ಎಂದು ದೂರುವವರ ಗೇರನ್ನು ಮೊದಲು ನೋಡಬೇಕು. ಅಂಗಡಿಯಲ್ಲಿ ಫ್ರೇಮಿನ ಬಣ್ಣ ನೋಡುವ ಮುನ್ನ ಹಲ್ಲು ಎಣಿಸಿ. ಈ ಭಾಗಕ್ಕೆ 50/34 ಮತ್ತು 11-34 ಸರಿಯಾದ ಜೋಡಿ.

ಹಾಗಾದರೆ ದುಬಾರಿ ಬೈಕಿನಲ್ಲಿ ಹುರುಳಿಲ್ಲವೇ? ಖಂಡಿತ ಇದೆ, ಆದರೆ ಅದು ಸಿಗುವುದು ಬೇರೆ ಜಾಗದಲ್ಲಿ. ಹೆದ್ದಾರಿ 44ರಲ್ಲಿ ಬಾಗೇಪಲ್ಲಿ ಕಡೆಗೆ ಗುಂಪಿನಲ್ಲಿ 35-40 ಕಿ.ಮೀ. ವೇಗದಲ್ಲಿ ಹೋಗುವವರಿಗೆ ಗಾಳಿ ಸೀಳುವ ಫ್ರೇಮು, ಆಳವಾದ ರಿಮ್ಮು ಸೇರಿ ಗಣನೀಯ ಶಕ್ತಿ ಉಳಿಸುತ್ತವೆ. ಬೆಟ್ಟ ಇಳಿಯುವಾಗ ಮುಂಭಾಗ ಬಿಗಿಯಾಗಿರುವ ಫ್ರೇಮು ಎಲ್ಲಿ ತಿರುಗಿಸಿದರೆ ಅಲ್ಲಿಗೇ ತಿರುಗುತ್ತದೆ. ಎಲೆಕ್ಟ್ರಾನಿಕ್ ಗೇರು ಏರಿನಲ್ಲಿ ಪೂರ್ತಿ ಬಲ ಹಾಕಿ ತುಳಿಯುತ್ತಿರುವಾಗಲೂ ತಪ್ಪದೆ ಬೀಳುತ್ತದೆ. ರೇಸಿಗೆ ಇಳಿಯುವವರಿಗೆ ಇವು ನಿಜವಾದ ಅನುಕೂಲ. ಆದರೂ ಗಾಳಿಯ ಎದುರು ಮುಕ್ಕಾಲು ಪಾಲು ಅಡ್ಡಿ ಸವಾರನ ಮೈಯದೇ. ಮೊಣಕೈ ಮಡಿಸಿ ಬೆನ್ನು ತಗ್ಗಿಸಿ ಅರ್ಧ ಗಂಟೆ ಕೂರಲಾಗದಿದ್ದರೆ ಏರೋ ಫ್ರೇಮಿಗೆ ಕೊಟ್ಟ ಹಣ ಗಾಳಿಗೇ ಹೋಯಿತು. ತೂಕದ ವಿಷಯದಲ್ಲೂ ಒಂದು ಮಿತಿ ಇದೆ: ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ (ಯುಸಿಐ) ನಿಯಮದ ರೇಸುಗಳಲ್ಲಿ 6.8 ಕೆ.ಜಿ.ಗಿಂತ ಹಗುರದ ಸೈಕಲ್ಲಿಗೆ ಅವಕಾಶವಿಲ್ಲ.

ಗ್ರೂಪ್‌ಸೆಟ್, ಅಂದರೆ ಗೇರು, ಬ್ರೇಕುಗಳ ಸೆಟ್ಟಿನ ವಿಚಾರದಲ್ಲಿ ನಮ್ಮ ಅಭಿಪ್ರಾಯ ಸ್ಪಷ್ಟ. ಶಿಮಾನೊ ಕಂಪನಿಯ ಮಧ್ಯಮ ದರ್ಜೆಯ 105ರವರೆಗೆ ಕೊಟ್ಟ ಪ್ರತಿ ರೂಪಾಯಿಗೂ ಕೆಲಸ ಕಾಣುತ್ತದೆ. ಅಲ್ಲಿಂದ ಮೇಲಿನ ದರ್ಜೆಯ ಅಲ್ಟೆಗ್ರಾ, ಡ್ಯುರಾ-ಏಸ್‌ಗೆ ಹೋದಾಗ ಇಳಿಯುವುದು ಹೆಚ್ಚಾಗಿ ಗ್ರಾಮುಗಳು. ಡ್ಯುರಾ-ಏಸ್ ಕ್ಯಾಸೆಟ್‌ನ ದೊಡ್ಡ ಹಲ್ಲುಚಕ್ರಗಳು ಟೈಟಾನಿಯಂನವು. ಹಗುರ ನಿಜ, ಆದರೆ ಉಕ್ಕಿಗಿಂತ ಬೇಗ ಸವೆಯುತ್ತವೆ, ಬದಲಿಸಲು 105ರ ಕ್ಯಾಸೆಟ್‌ಗಿಂತ ಹಲವು ಪಟ್ಟು ಬೆಲೆ. ಕ್ರಷರ್‌ಗಳಿರುವ ರಸ್ತೆಗಳಲ್ಲಿ ಇದು ಚಿಕ್ಕ ವಿಷಯವಲ್ಲ. ಜಲ್ಲಿ, ಎಂ-ಸ್ಯಾಂಡ್ ತುಂಬಿದ ಟಿಪ್ಪರ್‌ಗಳು ಉದುರಿಸಿದ ಕಲ್ಲುಪುಡಿ ಚೈನಿನ ಎಣ್ಣೆಗೆ ಅಂಟಿ ಅರದ ಹಾಗೆ ಉಜ್ಜುತ್ತದೆ. ಚೈನು ಸವೆದು ಎಷ್ಟು ಹಿಗ್ಗಿದೆ ಎಂದು ಅಳೆಯುವ ಗೇಜಿನಲ್ಲಿ ಶೇ. 0.5 ತೋರಿಸಿದ ಕೂಡಲೇ 11 ಅಥವಾ 12 ಸ್ಪೀಡಿನ ಚೈನು ಬದಲಿಸಬೇಕು. 0.75ರವರೆಗೆ ಎಳೆದರೆ ಕ್ಯಾಸೆಟ್ಟೂ ಜೊತೆಗೆ ಹೋಗುತ್ತದೆ, ಹೊಸ ಚೈನು ಹಳೇ ಹಲ್ಲಿನ ಮೇಲೆ ಜಾರುತ್ತದೆ.

ಈ ಜಿಲ್ಲೆಯಲ್ಲಿ ದುಬಾರಿ ಬೈಕಿಗೆ ದೊಡ್ಡ ಪೆಟ್ಟು ಬೀಳುವ ಕಾಲ ಸುಗ್ಗಿ. ಡಿಸೆಂಬರ್, ಜನವರಿಯಲ್ಲಿ ಹಳ್ಳಿ ರಸ್ತೆಗಳ ಮೇಲೆ ರಾಗಿ, ಹುರುಳಿ ಹರಡಿ ಒಕ್ಕಣೆ ಮಾಡುತ್ತಾರೆ. ಕಾರಿಗೆ ಅದು ಏನೂ ಅಲ್ಲ. ಸೈಕಲ್ಲಿಗೆ ಜಾರುವ ಭಯ ಒಂದು ಕಡೆ. ಇನ್ನೊಂದು ಕಡೆ, ಹುರುಳಿ ಬಳ್ಳಿಯ ಒಂದು ಎಳೆ ಚೈನಿಗೆ ಸಿಕ್ಕಿದರೆ, ಗೇರು ಬದಲಿಸುವ ಹಿಂದಿನ ಡಿರೇಲರ್‌ನ ಪುಟ್ಟ ಚಕ್ರಗಳ ನಡುವೆ ಸುತ್ತಿಕೊಳ್ಳುತ್ತದೆ. ಚೈನು ಅಲ್ಲೇ ಕಚ್ಚಿ ನಿಲ್ಲುತ್ತದೆ. ಸವಾರ ಇನ್ನೂ ತುಳಿಯುತ್ತಿರುತ್ತಾನೆ, ಚೈನು ಡಿರೇಲರನ್ನೇ ಹಿಡಿದು ಹಿಂದಕ್ಕೆ, ಮೇಲಕ್ಕೆ ಎಳೆಯುತ್ತದೆ. ಅದು ಒಳಕ್ಕೆ ಬಾಗಿ ಚಕ್ರದ ಕಡ್ಡಿಗಳಿಗೆ ಸಿಕ್ಕಿತೆಂದರೆ ಅರ್ಧ ಸುತ್ತಿನಲ್ಲಿ ಎಲ್ಲ ಮುಗಿಯುತ್ತದೆ. ಡಿರೇಲರನ್ನು ಫ್ರೇಮಿಗೆ ಕಟ್ಟಿರುವ ಹ್ಯಾಂಗರ್ ಎಂಬ ಚಿಕ್ಕ ಅಲ್ಯೂಮಿನಿಯಂ ತುಂಡು ಮುರಿಯಲೆಂದೇ ಇರುವುದು. ಅದೊಂದೇ ಮುರಿದರೆ ಅದೃಷ್ಟ. ಮೆಕ್ಯಾನಿಕಲ್ 105 ಡಿರೇಲರ್ ಹೋದರೆ ಆರೇಳು ಸಾವಿರದಲ್ಲಿ ಮುಗಿಯಬಹುದು, ಎಲೆಕ್ಟ್ರಾನಿಕ್ ಆದರೆ ಇಪ್ಪತ್ತು ಸಾವಿರ ದಾಟುತ್ತದೆ, ಕಾರ್ಬನ್ ಫ್ರೇಮಿನಲ್ಲಿ ಹಿಂದಿನ ಚಕ್ರ ಹಿಡಿದಿರುವ ಹಿಂಗಾಲು ಸೀಳಿದರೆ ಲೆಕ್ಕವೇ ಬೇರೆ. ರಸ್ತೆಯ ಮೇಲೆ ಹುಲ್ಲು ಕಂಡರೆ ತುಳಿಯುವುದನ್ನು ನಿಲ್ಲಿಸಿ, ಮೊದಲೇ ವೇಗ ಇಳಿಸಿ. ಅದರ ಮೇಲೆ ಹೋದಮೇಲೆ ಬ್ರೇಕ್ ಹಿಡಿಯಬೇಡಿ. ರಾಶಿ ದಪ್ಪವಿದ್ದರೆ ಇಳಿದು ಸೈಕಲ್ ಎತ್ತಿಕೊಂಡು ದಾಟಿ.

ಮುಳ್ಳಿನ ಕಾಟಕ್ಕೆ ಟ್ಯೂಬ್‌ಲೆಸ್ ಒಳ್ಳೆಯ ಉತ್ತರ. ಬಳ್ಳಾರಿ ಜಾಲಿಯ ಮುಳ್ಳು ಚುಚ್ಚಿದ ತೂತನ್ನು ಒಳಗಿನ ಸೀಲೆಂಟ್ ದ್ರವ ತಾನೇ ಮುಚ್ಚುತ್ತದೆ. 28 ಮಿ.ಮೀ. ಟೈರಿಗೆ 30ರಿಂದ 40 ಮಿ.ಲೀ. ಸಾಕು, ಆದರೆ ನಮ್ಮ ಬೇಸಿಗೆಯಲ್ಲಿ ಎರಡು ಮೂರು ತಿಂಗಳಿಗೆ ಒಣಗುತ್ತದೆ. ಮತ್ತೆ ತುಂಬಲು ಮರೆತವರಿಗೆ ಟ್ಯೂಬ್‌ಲೆಸ್‌ನಿಂದ ಪ್ರಯೋಜನವಿಲ್ಲ. ಹೊಸ ಕಾರ್ಬನ್ ರಿಮ್ಮುಗಳಲ್ಲಿ ಕೆಲವಕ್ಕೆ ಒಳ ಅಂಚಿನ ಕೊಕ್ಕೆ ಇರುವುದಿಲ್ಲ. ಅಂಥ ಹುಕ್‌ಲೆಸ್ ರಿಮ್ಮಿಗೆ 72.5 ಪಿಎಸ್ಐ ಮೀರಿ ಗಾಳಿ ತುಂಬಬಾರದು, ಅದಕ್ಕೆಂದೇ ಒಪ್ಪಿದ ಟೈರನ್ನೇ ಹಾಕಬೇಕು. 'ಗಟ್ಟಿ ಇರಲಿ' ಎಂದು 100ಕ್ಕೆ ಏರಿಸಿದರೆ ಟೈರು ರಿಮ್ಮಿನಿಂದ ಎಗರುವ ಅಪಾಯವಿದೆ. ಹಳ್ಳಿಯ ಪಂಚರ್ ಅಂಗಡಿಯ ಪಂಪು ರೋಡ್ ಬೈಕಿನ ಸಪೂರ ಪ್ರೆಸ್ಟಾ ವಾಲ್ವಿಗೆ ಕೂರುವುದಿಲ್ಲ. ಹಿತ್ತಾಳೆಯ ಅಡಾಪ್ಟರ್ ಒಂದು ಸೀಟಿನ ಚೀಲದಲ್ಲಿರಲಿ. ರಿಮ್ಮಿನ ಆಳ 35ರಿಂದ 45 ಮಿ.ಮೀ. ಒಳಗೆ ಇಟ್ಟುಕೊಳ್ಳಿ. ಮುಂಗಾರಿನ ದಿನಗಳಲ್ಲಿ ನಂದಿಯ ಮೇಲಿನ ತಿರುವುಗಳಲ್ಲಿ ಅಡ್ಡಗಾಳಿ ಬೀಸಿದಾಗ 60 ಮಿ.ಮೀ. ರಿಮ್ಮಿನ ಮುಂಚಕ್ರ ಕೈಯಿಂದ ಹ್ಯಾಂಡಲ್ ಕಿತ್ತುಕೊಳ್ಳುತ್ತದೆ.

ಖರೀದಿಸುವಾಗ ಯಾರೂ ಹೇಳದ ವಿಷಯ ಇನ್ನೊಂದಿದೆ. ಈಗಿನ ಮೇಲ್ದರ್ಜೆಯ ಬೈಕುಗಳಲ್ಲಿ ಬ್ರೇಕ್ ಎಣ್ಣೆಯ ಹೋಸು, ಕೇಬಲ್ ಎಲ್ಲವೂ ಹ್ಯಾಂಡಲ್ ಒಳಗಿನಿಂದ, ಹ್ಯಾಂಡಲ್ ತಿರುಗಲು ಇರುವ ಹೆಡ್‌ಸೆಟ್ ಬೇರಿಂಗ್ ಮೂಲಕವೇ ಹಾದು ಫ್ರೇಮಿಗೆ ಇಳಿಯುತ್ತವೆ. ನೋಡಲು ಚೆಂದ. ಆದರೆ ಬೆವರು, ಮಳೆನೀರು, ದೂಳು ಸೇರಿ ಮೇಲಿನ ಬೇರಿಂಗ್ ತುಕ್ಕು ಹಿಡಿದಾಗ ಹಳೇ ಮಾದರಿಯ ಬೈಕಿನಲ್ಲಿ ಹದಿನೈದು ಇಪ್ಪತ್ತು ನಿಮಿಷದ ಕೆಲಸ ಇಲ್ಲಿ ಅರ್ಧ ದಿನ ಹಿಡಿಯುತ್ತದೆ. ಹೋಸು ಬಿಚ್ಚಬೇಕು, ಅದರ ತುದಿಯ ಆಲಿವ್ ಎಂಬ ಪುಟ್ಟ ಉಂಗುರ ಹೊಸದು ಹಾಕಬೇಕು, ಎಣ್ಣೆ ತುಂಬಿ ಗಾಳಿ ತೆಗೆಯಬೇಕು. ಶಿಮಾನೊ ಬ್ರೇಕಿಗೆ ಮಿನರಲ್ ಎಣ್ಣೆ, ಸ್ರ್ಯಾಮ್‌ನ ರೋಡ್ ಬ್ರೇಕಿಗೆ ಡಾಟ್ ದ್ರವ. ಒಂದರ ಜಾಗದಲ್ಲಿ ಇನ್ನೊಂದು ಹಾಕಿದರೆ ಸೀಲುಗಳು ಹಾಳು. ಇದಕ್ಕೆಲ್ಲ ಚಿಕ್ಕಬಳ್ಳಾಪುರದವರು 60 ಕಿ.ಮೀ. ದೂರದ ಬೆಂಗಳೂರಿಗೆ ಹೋಗಬೇಕಾಗಿ ಬರುವುದೇ ಹೆಚ್ಚು. ಹ್ಯಾಂಡಲನ್ನು ಹಿಡಿದಿರುವ ಸ್ಟೆಮ್ ಒಂದು ಸೆಂಟಿಮೀಟರ್ ಚಿಕ್ಕದು ಬೇಕೆಂದರೂ ಹ್ಯಾಂಡಲ್, ಸ್ಟೆಮ್ ಒಂದೇ ತುಂಡಾಗಿರುವ ಬೈಕಿನಲ್ಲಿ ಇಡೀ ತುಂಡನ್ನೇ ಕೊಳ್ಳಬೇಕು. ಎರಡೂ ಪೆಡಲಿನ ಕೈಗಳು ಸೇರುವ ಪೆಡಲ್ ಅಚ್ಚಿನ (ಬಾಟಮ್ ಬ್ರಾಕೆಟ್) ಬೇರಿಂಗ್ ಥ್ರೆಡ್ ಇರುವ ಬಿಎಸ್‌ಎ ಮಾದರಿಯದೋ ಒತ್ತಿ ಕೂರಿಸುವ ಪ್ರೆಸ್‌ಫಿಟ್ಟೋ ಎಂದು ಕೇಳಿ. ಪ್ರೆಸ್‌ಫಿಟ್‌ನಲ್ಲಿ ಫ್ರೇಮಿನ ತೂತು ಕೂದಲೆಳೆಯಷ್ಟು ಹೆಚ್ಚುಕಡಿಮೆ ಆದರೂ ಪ್ರತಿ ತುಳಿತಕ್ಕೂ ಕಿರ್ ಎನ್ನುವ ಸದ್ದು ಬಿಡುವುದಿಲ್ಲ. ಬೈಕಿನ ಬೆಲೆಯ ಹತ್ತನೇ ಒಂದು ಪಾಲನ್ನು ವರ್ಷದ ಖರ್ಚಿಗೆ ಎತ್ತಿಡಲಾಗದಿದ್ದರೆ ಒಂದು ಮೆಟ್ಟಿಲು ಕೆಳಗಿನ ಬೈಕ್ ತೆಗೆದುಕೊಳ್ಳುವುದೇ ಸರಿ.

ಅಳತೆ ತಪ್ಪಿದರೆ ಇಷ್ಟೆಲ್ಲ ವಿಚಾರಿಸಿಯೂ ವ್ಯರ್ಥ. ಫ್ರೇಮಿನ ಮೇಲೆ ಬರೆದ 54, 56 ನಂಬಿ ಕೊಳ್ಳಬೇಡಿ. ಸ್ಟ್ಯಾಕ್, ರೀಚ್ ಎಂಬ ಎರಡು ಸಂಖ್ಯೆ ನೋಡಿ. ಪೆಡಲ್ ಅಚ್ಚಿನ ನಡುವಿನಿಂದ ಹೆಡ್ ಟ್ಯೂಬಿನ (ಫ್ರೇಮಿನ ಮುಂದಿನ ಕೊಳವೆಯ) ತುದಿ ಎಷ್ಟು ಎತ್ತರ, ಎಷ್ಟು ಮುಂದೆ ಎಂಬುದನ್ನು ಅವು ಹೇಳುತ್ತವೆ. 54ರ ರೇಸ್ ಫ್ರೇಮಿನ ಸ್ಟ್ಯಾಕ್ ಸಾಮಾನ್ಯವಾಗಿ 540-550 ಮಿ.ಮೀ., ದೂರದ ಸವಾರಿಗೆಂದು ಮಾಡಿದ ಅದೇ ಅಳತೆಯ ಎಂಡ್ಯೂರೆನ್ಸ್ ಫ್ರೇಮಿನಲ್ಲಿ 570-590. ಈ ಮೂರು ನಾಲ್ಕು ಸೆಂಟಿಮೀಟರೇ ಸೊಂಟ, ಕುತ್ತಿಗೆಯ ನೋವನ್ನು ತೀರ್ಮಾನಿಸುತ್ತದೆ. ದಿನವಿಡೀ ಕುರ್ಚಿಯಲ್ಲಿ ಕೂತು ಕೆಲಸ ಮಾಡುವ ನಲವತ್ತು ದಾಟಿದವರಿಗೆ, 200 ಕಿ.ಮೀ. ಬ್ರೆವೆ (ನಿಗದಿತ ಸಮಯದಲ್ಲಿ ಮುಗಿಸುವ ದೂರದ ಸವಾರಿ) ಮಾಡುವವರಿಗೆ ಎಂಡ್ಯೂರೆನ್ಸ್ ಫ್ರೇಮೇ ಸರಿ. ರೇಸ್ ಫ್ರೇಮ್ ಕೊಂಡು ಸ್ಟೆಮ್ ಕೆಳಗೆ ಸ್ಪೇಸರ್ ಮೇಲೆ ಸ್ಪೇಸರ್ ಪೇರಿಸಿದರೆ ಬೈಕಿನ ಗುಣವೂ ಕೆಡುತ್ತದೆ, ಸ್ಟೆಮ್ ಕೂರುವ ಕಾರ್ಬನ್ ಕೊಳವೆಯಾದ ಸ್ಟೀರರ್ ಮೇಲೆ ಭಾರವೂ ಬೀಳುತ್ತದೆ.

ಸೆಕೆಂಡ್ ಹ್ಯಾಂಡ್ ಬೈಕ್ ನೋಡುವವರು ಬಿಸಿಲಿನಲ್ಲೇ ನೋಡಬೇಕು. ಸೈಕಲ್ ತೊಳೆಸಿ, ಚಕ್ರ, ಸೀಟ್‌ಪೋಸ್ಟ್ ಬಿಚ್ಚಿಸಿ. ಹೆಡ್ ಟ್ಯೂಬ್ ಕೆಳಗೆ, ಪೆಡಲ್ ಅಚ್ಚಿನ ಸುತ್ತ, ಚೈನ್ ಬದಿಯ ಹಿಂಗಾಲು, ಸೀಟ್ ಕ್ಲಾಂಪಿನ ಬಳಿ ಉಗುರಾಡಿಸಿ. ಬಣ್ಣದ ಗೀರು ಉಗುರಿಗೆ ಸಿಕ್ಕಿ, ಸುತ್ತ ನಾಣ್ಯದಿಂದ ತಟ್ಟಿದಾಗ ಸದ್ದು ಮಂಕಾದರೆ ಬಿಟ್ಟುಬಿಡಿ. ಕಾರ್ಬನ್ ರಿಮ್ಮಿಗೆ ರಿಮ್ ಬ್ರೇಕ್ ಇರುವ ಹಳೆಯ ಬೈಕುಗಳನ್ನು ಈ ಬೆಟ್ಟದ ಕೆಳಗೆ ವಾಸಿಸುವವರು ಕೊಳ್ಳದಿರುವುದು ಒಳ್ಳೆಯದು. ಏಳೂವರೆ ಕಿ.ಮೀ. ಇಳಿಯುವಾಗ ಬ್ರೇಕ್ ಹಿಡಿದೇ ಇದ್ದರೆ ರಿಮ್ಮಿನ ರಾಳ ಬಿಸಿಗೆ ಮೆತ್ತಗಾಗಿ ಅಂಚು ಉಬ್ಬುತ್ತದೆ. ಡಿಸ್ಕ್ ಬ್ರೇಕಾದರೆ ತಟ್ಟೆಯ ದಪ್ಪ ಅಳೆಯಿರಿ. ಶಿಮಾನೊ ತಟ್ಟೆ ಹೊಸದಿದ್ದಾಗ 1.8 ಮಿ.ಮೀ., 1.5ಕ್ಕೆ ಬಂದರೆ ಬದಲಿಸಬೇಕು. ಬಿಲ್ ಇಲ್ಲದ, ಪೆಡಲ್ ಅಚ್ಚಿನ ಕೆಳಗಿನ ಸೀರಿಯಲ್ ನಂಬರ್ ಉಜ್ಜಿದ ಬೈಕನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ.

ಇಷ್ಟಾದ ಮೇಲೂ ಮನಸ್ಸು ತೂಗುತ್ತಿದ್ದರೆ ಈಗಿರುವ ಸೈಕಲ್ಲಿಗೇ ಎರಡು ತಿಂಗಳು ಕೊಡಿ. ಒಳ್ಳೆಯ ಟೈರು, ಹೊಸ ಚೈನು, 11-34 ಕ್ಯಾಸೆಟ್ ಹಾಕಿಸಿ. ಕ್ಯಾಸೆಟ್‌ಗೆ ಮುನ್ನ ಡಿರೇಲರ್‌ನ ಪುಟ್ಟ ಚಕ್ರಗಳನ್ನು ಹಿಡಿದಿರುವ ಕೇಜ್ ಉದ್ದ ನೋಡಬೇಕು. ಉದಾಹರಣೆಗೆ ಶಿಮಾನೊದ ಕೆಳದರ್ಜೆಯ ಕ್ಲಾರಿಸ್‌ನ ಉದ್ದ ಕೇಜ್ 34 ಹಲ್ಲು ಎಳೆಯುತ್ತದೆ, ಗಿಡ್ಡ ಕೇಜ್ ಅಷ್ಟು ಎಳೆಯುವುದಿಲ್ಲ. ಬರಿಗಾಲಲ್ಲಿ ಗೋಡೆಗೆ ಒರಗಿ ನಿಂತು, ಪುಸ್ತಕವೊಂದನ್ನು ತೊಡೆಸಂದಿಗೆ ಒತ್ತಿ, ನೆಲದಿಂದ ಅಲ್ಲಿಗೆ ಅಳೆಯಿರಿ. ಅದನ್ನು 0.883ರಿಂದ ಗುಣಿಸಿದರೆ ಪೆಡಲ್ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗಕ್ಕೆ ಇರಬೇಕಾದ ಎತ್ತರದ ಅಂದಾಜು ಸಿಗುತ್ತದೆ. ಈ ಬದಲಾವಣೆಗಳೊಂದಿಗೆ ವಾರಕ್ಕೆ ಏಳೆಂಟು ಗಂಟೆ ತುಳಿದೂ ಇನ್ನೂ ವೇಗ ಬೇಕು, ಗುಂಪಿನಲ್ಲಿ ಮುಂದೆ ನಿಲ್ಲಬೇಕು, ರೇಸಿಗೆ ಹೆಸರು ಕೊಡಬೇಕು ಅನಿಸಿದರೆ, ಸಾಲ ಮಾಡದೆ ಕೊಳ್ಳುವ ಶಕ್ತಿಯೂ ಇದ್ದರೆ, ಧಾರಾಳವಾಗಿ ಕೊಳ್ಳಿ. ಒಳ್ಳೆಯ ಯಂತ್ರವನ್ನು ಪ್ರೀತಿಯಿಂದ ಕೊಂಡು ದಿನವೂ ಓಡಿಸುವುದರಲ್ಲಿ ತಪ್ಪೇನಿಲ್ಲ. ಕೊಂಡು ಗೋಡೆಗೆ ನೇತುಹಾಕುವುದೇ ನಷ್ಟ.

ಡೆಲಿವರಿ ದಿನವೇ ಆ ಫ್ರೇಮಿನ ಹ್ಯಾಂಗರ್ ಇನ್ನೊಂದನ್ನು ಕೊಂಡಿಟ್ಟುಕೊಳ್ಳಿ, ಬೇಕಾದ ದಿನ ಅದು ಸಿಗುವುದಿಲ್ಲ. ವಾರಂಟಿ ಬಹುತೇಕ ಮೊದಲ ಮಾಲೀಕರಿಗೆ ಮಾತ್ರ, ಬಿಲ್ ನಿಮ್ಮ ಹೆಸರಿನಲ್ಲೇ ಇರಲಿ. ಸೀಟ್‌ಪೋಸ್ಟ್‌ಗೆ ಗ್ರೀಸ್ ಅಲ್ಲ, ಕಾರ್ಬನ್ ಪೇಸ್ಟ್ ಹಚ್ಚಿದ್ದಾರೋ ನೋಡಿ. ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದಲೇ, ಅವುಗಳ ಪಕ್ಕದಲ್ಲಿ ಬರೆದ ಸಂಖ್ಯೆಗೆ ಬಿಗಿಸಬೇಕು. ಸಾಮಾನ್ಯವಾಗಿ ಅದು 5 ನ್ಯೂಟನ್ ಮೀಟರ್ ಆಸುಪಾಸು. ಮೊದಲ 200-300 ಕಿ.ಮೀ. ಆದಮೇಲೆ ಕೇಬಲ್ ಸಡಿಲ, ಕಡ್ಡಿಗಳ ಬಿಗಿ, ಸ್ಟೆಮ್ ಬೋಲ್ಟು ಮೂರನ್ನೂ ಮತ್ತೊಮ್ಮೆ ನೋಡಿಸಿ. ಹೆಚ್ಚಿನ ಅಂಗಡಿಗಳು ಈ ಮೊದಲ ಸರ್ವಿಸಿಗೆ ಹಣ ತೆಗೆದುಕೊಳ್ಳುವುದಿಲ್ಲ.