ಕ್ಯಾಮೆರಾ ಕಾಣದ ಕರುಗಳ ಸಾವು

ಫ್ರಾಂಕ್‌ಫರ್ಟ್ ಮೃಗಾಲಯದ ನಿರ್ದೇಶಕ ಬರ್ನ್‌ಹಾರ್ಡ್ ಗ್ಜಿಮೆಕ್ ಮತ್ತು ಅವರ ಮಗ ಮೈಕೆಲ್, ಮೈತುಂಬ ಜೀಬ್ರಾ ಪಟ್ಟೆ ಬಳಿದ ಪುಟ್ಟ ವಿಮಾನದಲ್ಲಿ ಪೂರ್ವ ಆಫ್ರಿಕಾದ ಹುಲ್ಲುಗಾವಲಿನ ಮೇಲೆ ತಗ್ಗಿ ಹಾರುತ್ತ ಚಿತ್ರಿಸಿದ ‘ಸೆರೆಂಗೆಟಿ ಸಾಯಬಾರದು’ ಸಾಕ್ಷ್ಯಚಿತ್ರ 1959ರಲ್ಲಿ ತೆರೆಕಂಡಿತು. ಮರುವರ್ಷ ಆಸ್ಕರ್ ಪ್ರಶಸ್ತಿಯೂ ಬಂತು. ಅದನ್ನು ನೋಡಲು ಮೈಕೆಲ್ ಬದುಕಿರಲಿಲ್ಲ. 1959ರ ಜನವರಿಯಲ್ಲಿ ರಣಹದ್ದೊಂದು ಬಡಿದು ಆ ವಿಮಾನ ನೆಲಕ್ಕಪ್ಪಳಿಸಿತ್ತು.

ಚಿತ್ರವನ್ನು ಇಂದು ಮತ್ತೆ ನೋಡುವಾಗ ದೃಶ್ಯವೈಭವಕ್ಕಿಂತ ಅದರ ಹಿಂದಿನ ಲೆಕ್ಕವೇ ಹೆಚ್ಚು ಕುತೂಹಲ ಹುಟ್ಟಿಸುತ್ತದೆ. ವಲಸೆಯ ಹಿಂಡುಗಳು ಯಾವ ದಾರಿ ಹಿಡಿಯುತ್ತವೆ, ಸೆರೆಂಗೆಟಿ ರಾಷ್ಟ್ರೀಯ ಉದ್ಯಾನಕ್ಕೆ ಗೊತ್ತುಮಾಡುತ್ತಿದ್ದ ಹೊಸ ಗಡಿ ಆ ದಾರಿಗೆ ಹೊಂದುತ್ತದೆಯೇ ಎಂದು ತಿಳಿಯಲು ತಂದೆ–ಮಗ 1958ರಲ್ಲಿ ಬಯಲಿನ ಮೇಲೆ ಹಾರಿ ಪ್ರಾಣಿಗಳ ತಲೆ ಎಣಿಸಿದರು. ಸಿಕ್ಕ ಮೊತ್ತ 3,66,980. ಅದರಲ್ಲಿ ವೈಲ್ಡ್‌ಬೀಸ್ಟ್ ಎಂಬ ದೊಡ್ಡ ಹುಲ್ಲೆಗಳು 99,481. ಓಡುವ ಹಿಂಡನ್ನು ಆಕಾಶದಿಂದ ಕಂಡು ಬಿಡಿಸ್ಥಾನದವರೆಗೂ ಲೆಕ್ಕ ಒಪ್ಪಿಸಿದ ಧೈರ್ಯಕ್ಕೆ ಈಗ ನಗು ಬರಬಹುದು: 1961ರ ಎಣಿಕೆಯಲ್ಲಿ ವೈಲ್ಡ್‌ಬೀಸ್ಟ್‌ಗಳೇ ಸುಮಾರು ಎರಡೂವರೆ ಲಕ್ಷವಿದ್ದವು, ಮೂರು ವರ್ಷದಲ್ಲಿ ಯಾವ ಹಿಂಡೂ ಅಷ್ಟು ಬೆಳೆಯಲಾರದು. ಆದರೂ ಹಿಂಡುಗಳು ಗಡಿಯಾಚೆಗೂ ಹೋಗುತ್ತವೆಂಬ ಅವರ ಮಾತು ಸರಿಯಾಗಿತ್ತು.

ಅವರ ಕಣ್ಣು ತಪ್ಪಿಸಿಕೊಂಡದ್ದು ರಿಂಡರ್‌ಪೆಸ್ಟ್ ವೈರಾಣು. 1890ರ ಸುಮಾರಿಗೆ ಪೂರ್ವ ಆಫ್ರಿಕಾದಲ್ಲಿ ಹಬ್ಬಿ ದನಗಳನ್ನೂ ಕಾಡುಪ್ರಾಣಿಗಳನ್ನೂ ಕೊಂದ ಈ ರೋಗ ಆಮೇಲೂ ಅಲ್ಲೇ ಬೀಡುಬಿಟ್ಟಿತ್ತು. ತಾಯಿಯ ಗಿಣ್ಣುಹಾಲಿನಿಂದ ಬಂದ ರೋಗನಿರೋಧಕ ಶಕ್ತಿ ಕರಗುತ್ತಿದ್ದಂತೆ, ಇನ್ನೂ ವರ್ಷ ತುಂಬದ ವೈಲ್ಡ್‌ಬೀಸ್ಟ್ ಕರು ಜ್ವರ ಬಂದು, ಕಣ್ಣು–ಮೂಗು ಸೋರಿ, ಭೇದಿ ಹತ್ತಿ ಹಿಂಡಿನ ಹಿಂದೆ ಉಳಿಯುತ್ತಿತ್ತು. ಆಗ ಅದನ್ನು ಕತ್ತೆಕಿರುಬ ಹಿಡಿದರೆ ನೋಡುವವರಿಗೆ ಅದೊಂದು ಬೇಟೆ, ಅಷ್ಟೆ.

ಮಸಾಯಿ ಪಶುಪಾಲಕರಿಗೂ ಅವರ ದನಗಳಿಗೂ ಉದ್ಯಾನದಲ್ಲಿ ಜಾಗವಿಲ್ಲ ಎಂಬುದು ಗ್ಜಿಮೆಕ್ ಅವರ ನಿಲುವಾಗಿತ್ತು. 1959ರಲ್ಲಿ ಮಸಾಯಿಗಳನ್ನು ಸೆರೆಂಗೆಟಿಯಿಂದ ಹೊರಗೆ ಕಳಿಸಲಾಯಿತು. ಆದರೆ ವೈಲ್ಡ್‌ಬೀಸ್ಟ್‌ಗಳಿಗೆ ರೋಗಮುಕ್ತಿ ದೊರೆತದ್ದು ಸುತ್ತಲಿನ ಅಂಥ ದನಗಳಿಗೇ ಲಸಿಕೆ ಹಾಕಿದ್ದರಿಂದ. ವೈರಾಣು ವರ್ಷವರ್ಷ ಉಳಿದು ಬರುತ್ತಿದ್ದುದು ದನಗಳಲ್ಲಿ. ಅಲ್ಲಿ ನೆಲೆ ತಪ್ಪಿದ ಮೇಲೆ ಕಾಡಿನಲ್ಲೂ ಅದು ನಿಲ್ಲಲಿಲ್ಲ. 1963ರ ನಂತರ ಹುಟ್ಟಿದ ವೈಲ್ಡ್‌ಬೀಸ್ಟ್‌ಗಳ ರಕ್ತದಲ್ಲಿ ಅದರ ಪ್ರತಿಕಾಯಗಳು, ಅಂದರೆ ಸೋಂಕು ತಗುಲಿದ್ದಕ್ಕೆ ಮೈಯಲ್ಲಿ ಉಳಿಯುವ ಗುರುತು, ಕಾಣಿಸಲಿಲ್ಲ, ಮತ್ತು 1970ರ ದಶಕದ ಕೊನೆಗೆ ವೈಲ್ಡ್‌ಬೀಸ್ಟ್‌ಗಳ ಸಂಖ್ಯೆ ಸುಮಾರು 13 ಲಕ್ಷಕ್ಕೆ ಏರಿತು. ಅಷ್ಟು ಬಾಯಿಗಳು ಮೇದ ಮೇಲೆ ಬೆಂಕಿಗೆ ಒಣಹುಲ್ಲು ಉಳಿಯಲಿಲ್ಲ. ಪದೇ ಪದೇ ಸುಟ್ಟುಹೋಗುತ್ತಿದ್ದ ಅಕೇಶಿಯಾ ಸಸಿಗಳು ಹಲವೆಡೆ ಮತ್ತೆ ಮರಗಳಾದವು.