ಸಿಸಿಡಿ, ಸಿಮಾಸ್, ಫೋವಿಯಾನ್: ಎರಡು ಪ್ರಶ್ನೆ ಮತ್ತು ಒಂದು ವರ್ಗಮೂಲ

ಸಿಸಿಡಿ, ಸಿಮಾಸ್ ಎರಡೂ ಕ್ಯಾಮೆರಾದೊಳಗೆ ಬೆಳಕನ್ನು ಹಿಡಿಯುವ ಸೆನ್ಸರ್‌ನ ಬಗೆಗಳು. ಹಳೆಯ ಸಿಸಿಡಿ ಕ್ಯಾಮೆರಾಗಳಿಗೆ ಮತ್ತೆ ಬೇಡಿಕೆ ಬಂದಿದೆ. "ಸಿಸಿಡಿ ಬಣ್ಣವೇ ಬೇರೆ, ಸಿಮಾಸ್‌ನಲ್ಲಿ ಅದು ಸಿಗಲ್ಲ" ಅನ್ನುವ ಮಾತು ಎಲ್ಲ ಕಡೆ ಕೇಳಿಬರುತ್ತದೆ. ನನ್ನ ಹಾಗೆ ಈಗಷ್ಟೇ ಸೆನ್ಸರ್ ಬಗ್ಗೆ ಓದುತ್ತಿರುವವರು ಇಂಥ ವಾದ ಕೇಳಿದಾಗ ಎರಡು ಪ್ರಶ್ನೆ ಹಾಕಿಕೊಳ್ಳಿ. ಚಾರ್ಜ್ ಎಲ್ಲಿ ವೋಲ್ಟೇಜ್ ಆಗುತ್ತದೆ? ಬಣ್ಣ ಎಲ್ಲಿ ಬೇರೆಯಾಗುತ್ತದೆ? ಸಿಸಿಡಿಗೂ ಸಿಮಾಸ್‌ಗೂ ಇರುವ ವ್ಯತ್ಯಾಸ ಮೊದಲ ಪ್ರಶ್ನೆಗೆ ಸೇರಿದ್ದು, ಬೇಯರ್‌ಗೂ (ಪಿಕ್ಸೆಲ್ ಮೇಲೆ ಬಣ್ಣದ ಫಿಲ್ಟರ್ ಹಾಕುವ ವಿಧಾನ) ಫೋವಿಯಾನ್‌ಗೂ (ಫಿಲ್ಟರ್ ಇಲ್ಲದೆ ಬಣ್ಣ ಹಿಡಿಯುವ ಸೆನ್ಸರ್) ಇರುವುದು ಎರಡನೆಯದಕ್ಕೆ. ಎರಡನ್ನೂ ಒಂದೇ ಚೀಲಕ್ಕೆ ಹಾಕಿದರೆ ಚರ್ಚೆ ಮುಂದೆ ಹೋಗುವುದೇ ಇಲ್ಲ.

ಬೆಳಕು ಸಿಲಿಕಾನ್ ಮೇಲೆ ಬಿದ್ದು ಎಲೆಕ್ಟ್ರಾನ್ ಬಿಡುಗಡೆಯಾಗುವುದು (ಆ ಎಲೆಕ್ಟ್ರಾನ್‌ಗಳೇ ಚಾರ್ಜ್) ಎಲ್ಲದರಲ್ಲೂ ಒಂದೇ, ಅದನ್ನು ಬಿಟ್ಟು ಮುಂದೆ ಹೋಗುತ್ತೇನೆ.

ಚಾರ್ಜ್ ಎಲ್ಲಿ ವೋಲ್ಟೇಜ್ ಆಗುತ್ತದೆ?

ಸಿಸಿಡಿಯನ್ನು 1969ರಲ್ಲಿ ಬೆಲ್ ಲ್ಯಾಬ್ಸ್‌ನ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಕಂಡುಹಿಡಿದರು. ಅದಕ್ಕೆ 2009ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಇದರಲ್ಲಿ ಎಲೆಕ್ಟ್ರಾನ್‌ಗಳೇ ಪಿಕ್ಸೆಲ್‌ನಿಂದ ಪಿಕ್ಸೆಲ್‌ಗೆ ಸರಿಯುತ್ತಾ ಮೂಲೆಯಲ್ಲಿರುವ ಆಂಪ್ಲಿಫೈಯರ್ (ಚಾರ್ಜನ್ನು ವೋಲ್ಟೇಜ್ ಮಾಡುವ ಸರ್ಕ್ಯೂಟ್) ತಲುಪುತ್ತವೆ. ಪ್ರತಿ ಹೆಜ್ಜೆಗೆ 99.99% ಚಾರ್ಜ್ ದಾಟಿದರೂ 2000 ಹೆಜ್ಜೆ ಆಗುವಷ್ಟರಲ್ಲಿ ಉಳಿಯುವುದು 82% ಮಾತ್ರ. 99.999% ದಾಟಿದರೆ 98% ಉಳಿಯುತ್ತದೆ. ಸಿಸಿಡಿ ತಯಾರಿಕೆ ಎಷ್ಟು ನಾಜೂಕಿನ ಕೆಲಸ ಅನ್ನುವುದು ಈ ಒಂದು ಗುಣಾಕಾರದಲ್ಲೇ ಗೊತ್ತಾಗುತ್ತದೆ.

ಸಿಮಾಸ್‌ನಲ್ಲಿ ಪ್ರತಿ ಪಿಕ್ಸೆಲ್‌ಗೂ ತನ್ನದೇ ಆಂಪ್ಲಿಫೈಯರ್. ಚಾರ್ಜ್ ಪಿಕ್ಸೆಲ್ ಒಳಗೇ ವೋಲ್ಟೇಜ್ ಆಗುತ್ತದೆ, ಹೊರಗೆ ಬರುವುದು ವೋಲ್ಟೇಜ್. 1990ರ ದಶಕದ ಆರಂಭದಲ್ಲಿ ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ ಎರಿಕ್ ಫಾಸಮ್ ತಂಡ ಇದನ್ನು ಬಳಕೆಗೆ ಬರುವಂತೆ ಮಾಡಿತು.

ತೊಡಕಿನ ಹೆಜ್ಜೆ ಇಲ್ಲಿದೆ. ಒಂದೇ ಆಂಪ್ಲಿಫೈಯರ್ ಇದ್ದರೆ ಎಲ್ಲ ಪಿಕ್ಸೆಲ್‌ಗೂ ಒಂದೇ ಅಳತೆ. ಕೋಟಿ ಆಂಪ್ಲಿಫೈಯರ್ ಇದ್ದರೆ ಒಂದೊಂದೂ ಒಂದೊಂದು ಥರ. ಹಾಗಾದರೆ ಸಿಮಾಸ್‌ನಲ್ಲೇ ನಾಯ್ಸ್ (ಅಳತೆಯಲ್ಲಿ ಸೇರುವ ಬೇಡದ ಏರುಪೇರು) ಹೆಚ್ಚಿರಬೇಕಲ್ಲ? ಮೊದಮೊದಲ ಸಿಮಾಸ್‌ಗಳಲ್ಲಿ ಹಾಗೇ ಇತ್ತು. ಇವತ್ತು ಪೂರ್ತಿ ತಿರುಗುಮುರುಗಾಗಿದೆ. ಕಾರಣ ಸಿಗುವುದು ಸಮಯದ ಲೆಕ್ಕದಲ್ಲಿ.

4000 × 3000 ಪಿಕ್ಸೆಲ್‌ನ ಸೆನ್ಸರ್, ಸೆಕೆಂಡಿಗೆ 5 ಫೋಟೊ ಅಂದುಕೊಳ್ಳಿ. ಸೆಕೆಂಡಿಗೆ 6 ಕೋಟಿ ಪಿಕ್ಸೆಲ್ ಓದಬೇಕು. ಒಂದೇ ಆಂಪ್ಲಿಫೈಯರ್ ಆದರೆ ಒಂದು ಪಿಕ್ಸೆಲ್‌ಗೆ ಸಿಗುವುದು ಸುಮಾರು 17 ನ್ಯಾನೊಸೆಕೆಂಡ್. ಈಗಿನ ಸಿಮಾಸ್‌ನಲ್ಲಿ ಪ್ರತಿ ಕಂಬಸಾಲಿಗೂ ತನ್ನದೇ ಎಡಿಸಿ (ವೋಲ್ಟೇಜನ್ನು ಅಂಕಿಯಾಗಿ ಬದಲಿಸುವ ಸರ್ಕ್ಯೂಟ್) ಇರುತ್ತದೆ, ಒಂದು ಅಡ್ಡಸಾಲಿನ 4000 ಪಿಕ್ಸೆಲ್ ಒಟ್ಟಿಗೇ ಓದಿಬಿಡುತ್ತದೆ. ಅಲ್ಲಿಗೆ ಒಂದು ಪಿಕ್ಸೆಲ್‌ಗೆ ಸುಮಾರು 67 ಮೈಕ್ರೊಸೆಕೆಂಡ್, ಅಂದರೆ 4000 ಪಟ್ಟು ಹೆಚ್ಚು ಸಮಯ. ವೇಗವಾಗಿ ಓದುವ ಸರ್ಕ್ಯೂಟ್‌ಗೆ ಬ್ಯಾಂಡ್‌ವಿಡ್ತ್ (ಸರ್ಕ್ಯೂಟ್ ದಾಟಿಸುವ ಆವರ್ತನಗಳ ವ್ಯಾಪ್ತಿ) ಜಾಸ್ತಿ ಬೇಕು. ಬ್ಯಾಂಡ್‌ವಿಡ್ತ್ ಜಾಸ್ತಿಯಾದಷ್ಟೂ ಶಾಖದಿಂದ ಹುಟ್ಟುವ ನಾಯ್ಸ್ ಅದರ ವರ್ಗಮೂಲದಷ್ಟು ಏರುತ್ತದೆ. 4000ದ ವರ್ಗಮೂಲ 63. ಬೇರೆ ಬಗೆಯ ನಾಯ್ಸ್‌ಗಳೂ ಸೇರುವುದರಿಂದ ಅಷ್ಟೂ ಲಾಭ ಕೈಗೆ ಸಿಗುವುದಿಲ್ಲ. ಆದರೂ ದಿಕ್ಕು ಸ್ಪಷ್ಟವಾಗಿದೆ.

ಮದುವೆ ಊಟದ ಮನೆಯಲ್ಲಿ ಇಡೀ ಹಾಲ್‌ಗೆ ಒಬ್ಬನೇ ಬಡಿಸಿದರೆ ಎಲ್ಲರ ಎಲೆಗೂ ಒಂದೇ ಕೈ ಅಳತೆ, ಆದರೆ ಓಡಿ ಓಡಿ ಸಾರು ಚೆಲ್ಲುತ್ತದೆ. ಪಂಕ್ತಿಗೊಬ್ಬ ನಿಂತರೆ ನಿಧಾನವಾಗಿ, ಚೆಲ್ಲದೆ ಬಡಿಸಬಹುದು. ಒಬ್ಬನ ಕೈ ಧಾರಾಳ, ಇನ್ನೊಬ್ಬನದು ಬಿಗಿ ಅನ್ನುವ ತಕರಾರು ಮಾತ್ರ ಉಳಿಯುತ್ತದೆ. ಕತ್ತಲೆ ಫೋಟೊಗಳಲ್ಲಿ ಕಾಣುವ ಉದ್ದುದ್ದ ಪಟ್ಟೆಗಳು ಆ ತಕರಾರೇ. ಅದಕ್ಕೆ ಔಷಧ: ಪಿಕ್ಸೆಲ್ ಖಾಲಿ ಮಾಡಿದ ಕೂಡಲೇ ಒಮ್ಮೆ ಅಳೆದು, ಚಾರ್ಜ್ ಬಂದ ಮೇಲೆ ಮತ್ತೊಮ್ಮೆ ಅಳೆದು, ಎರಡನೆಯದರಿಂದ ಮೊದಲನೆಯದನ್ನು ಕಳೆಯುವುದು.

ದೂರದರ್ಶಕಗಳಲ್ಲಿ ಸಿಸಿಡಿಗೆ ಇನ್ನೂ ಯಾಕೆ ಮರ್ಯಾದೆ ಅನ್ನುವುದೂ ಇದರಿಂದಲೇ ತಿಳಿಯುತ್ತದೆ. ಅಲ್ಲಿ ತಣ್ಣಗೆ ಮಾಡಿ, ನಿಧಾನವಾಗಿ ಓದುವಷ್ಟು ಪುರುಸೊತ್ತಿದೆ. ಚಿಲಿಯ ವೆರಾ ರೂಬಿನ್ ವೀಕ್ಷಣಾಲಯದ ಕ್ಯಾಮೆರಾದಲ್ಲಿ 189 ಸಿಸಿಡಿಗಳಿವೆ, ಒಟ್ಟು 3200 ಮೆಗಾಪಿಕ್ಸೆಲ್. ಒಂದೊಂದರಲ್ಲೂ 16 ಆಂಪ್ಲಿಫೈಯರ್. ಇಡೀ ಚಿತ್ರವನ್ನು ಸುಮಾರು 2 ಸೆಕೆಂಡಿನಲ್ಲಿ ಓದಿದರೂ ಒಂದು ಪಿಕ್ಸೆಲ್‌ಗೆ ಹೆಚ್ಚುಕಮ್ಮಿ 2 ಮೈಕ್ರೊಸೆಕೆಂಡ್ ಸಿಗುತ್ತದೆ. ಸಿಸಿಡಿಯೇ ಆದರೂ ಉಪಾಯ ಅದೇ: ಕೆಲಸ ಹಂಚು, ಅವಸರ ಬಿಡು. ಈ ಲೆಕ್ಕ ಹಾಕಿದ ಮೇಲೆ ನನಗೆ ಇಡೀ ವಿಷಯ ತಲೆಗೆ ಹೋಯಿತು.

ಆ ನಾಯ್ಸ್ ಯಾವಾಗ ಕಣ್ಣಿಗೆ ಬೀಳುತ್ತದೆ?

ಬೆಳಕಿಗೇ ತನ್ನದೊಂದು ಏರಿಳಿತವಿದೆ. N ಎಲೆಕ್ಟ್ರಾನ್ ಬಂದರೆ ಏರಿಳಿತ N-ನ ವರ್ಗಮೂಲದಷ್ಟು. ಇದು ಶಾಟ್ ನಾಯ್ಸ್, ಯಾವ ಕಂಪನಿಯೂ ತೆಗೆಯಲಾರದ್ದು. ರೀಡ್ ನಾಯ್ಸ್, ಅಂದರೆ ಓದುವ ಸರ್ಕ್ಯೂಟ್ ಸೇರಿಸುವ ನಾಯ್ಸ್, ಇದಕ್ಕೆ ವರ್ಗಗಳ ರೂಪದಲ್ಲಿ ಕೂಡಿಕೊಳ್ಳುತ್ತದೆ: ಎರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ ಒಟ್ಟು ನಾಯ್ಸ್.

10,000 ಎಲೆಕ್ಟ್ರಾನ್ ಇರುವ ಪ್ರಕಾಶಮಾನ ಜಾಗದಲ್ಲಿ ಶಾಟ್ ನಾಯ್ಸ್ 100. ರೀಡ್ ನಾಯ್ಸ್ 10 ಇದ್ದರೂ ಒಟ್ಟು 100.5 ಅಷ್ಟೇ. 25 ಎಲೆಕ್ಟ್ರಾನ್ ಇರುವ ನೆರಳಿಗೆ ಬನ್ನಿ. ಶಾಟ್ ನಾಯ್ಸ್ 5. ರೀಡ್ ನಾಯ್ಸ್ 10 ಆದರೆ ಒಟ್ಟು 11.2, ಸಿಗ್ನಲ್ ಅದರ 2.2 ಪಟ್ಟು ಮಾತ್ರ. ರೀಡ್ ನಾಯ್ಸ್ 2 ಆದರೆ ಒಟ್ಟು 5.4, ಸಿಗ್ನಲ್ 4.6 ಪಟ್ಟು. ಫೋಟೊದ ನೆರಳಿನ ಭಾಗವನ್ನು ಎಡಿಟ್ ಮಾಡಿ ಬೆಳಗಿಸಿ ನೋಡುವಾಗ ಸಿಮಾಸ್ ಗೆಲ್ಲುವುದು ಇಲ್ಲಿ.

ಈಗ "ಸಿಸಿಡಿ ಬಣ್ಣ"ದ ಮಾತು. ಸಾಮಾನ್ಯ ಸಿಸಿಡಿ ಕ್ಯಾಮೆರಾದಲ್ಲೂ ಸಿಮಾಸ್‌ನಲ್ಲೂ ಬಣ್ಣ ಬೇರೆ ಮಾಡುವುದು ಮೇಲಿನ ಫಿಲ್ಟರ್, ಕೊಡಾಕ್‌ನ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ವಿನ್ಯಾಸ. ಅರ್ಧ ಹಸಿರು, ಕಾಲು ಕೆಂಪು, ಕಾಲು ನೀಲಿ. ಬಣ್ಣದ ಗುಣ ಬರುವುದು ಆ ಫಿಲ್ಟರ್‌ನ ಬಣ್ಣದಿಂದ, ಇನ್‌ಫ್ರಾರೆಡ್ ತಡೆಯುವ ಗಾಜಿನಿಂದ, ಕಂಪನಿ ಬರೆದ ಬಣ್ಣದ ಪ್ರೊಫೈಲ್‌ನಿಂದ. ಚಾರ್ಜ್ ಯಾವ ದಾರಿಯಲ್ಲಿ ಸಾಗಿತು ಅನ್ನುವುದಕ್ಕೂ ಚರ್ಮದ ಬಣ್ಣಕ್ಕೂ ಸಂಬಂಧವಿಲ್ಲ. 2009ರ ಲೈಕಾ ಎಂ9ನ ಚಿತ್ರಗಳು ಚೆನ್ನಾಗಿರುವುದು ನಿಜ. ಆದರೆ ಅಂಥ ಕ್ಯಾಮೆರಾಗಳನ್ನು ಜನ ಹೆಚ್ಚಾಗಿ ಬಳಸಿದ್ದು ಹಗಲಲ್ಲಿ, ಕಡಿಮೆ ಐಎಸ್ಒದಲ್ಲಿ (ಬೆಳಕಿನ ಸೂಕ್ಷ್ಮತೆಯ ಅಂಕಿ). ಮೇಲಿನ 10,000 ಎಲೆಕ್ಟ್ರಾನ್ ಲೆಕ್ಕ ನೋಡಿ, ಅಲ್ಲಿ ಸಿಸಿಡಿಯ ದೌರ್ಬಲ್ಯ ಕಾಣುವುದೇ ಇಲ್ಲ. ಆ ಚಿತ್ರಗಳ ಮೇಲಿನ ಪ್ರೀತಿಗೆ ನಾನು ಅಡ್ಡಬರುವುದಿಲ್ಲ, ಕಾರಣ ಮಾತ್ರ ಸರಿಯಾಗಿರಲಿ.

ಬಣ್ಣ ಎಲ್ಲಿ ಬೇರೆಯಾಗುತ್ತದೆ?

ಫೋವಿಯಾನ್ ಫಿಲ್ಟರನ್ನೇ ಬಿಟ್ಟುಬಿಡುತ್ತದೆ. ನೀಲಿ ಬೆಳಕು ಸಿಲಿಕಾನ್‌ನ ಮೇಲ್ಪದರದಲ್ಲೇ ಹೀರಲ್ಪಡುತ್ತದೆ, ಕೆಂಪು ಆಳಕ್ಕೆ ಇಳಿಯುತ್ತದೆ. ಒಂದೇ ಜಾಗದಲ್ಲಿ ಮೂರು ಆಳಗಳಲ್ಲಿ ಅಳೆದರೆ ಮೂರೂ ಬಣ್ಣ ಸಿಕ್ಕಿತು. 2002ರ ಸಿಗ್ಮಾ ಎಸ್‌ಡಿ9ರಲ್ಲಿ ಇದು ಬಂತು. ಚಿತ್ರದ ಅಳತೆ 2268 × 1512, ಅಂದರೆ 3.4 ಮೆಗಾಪಿಕ್ಸೆಲ್. ಮೂರು ಪದರ ಕೂಡಿಸಿ 10 ಮೆಗಾಪಿಕ್ಸೆಲ್ ಅಂದರು. ಆ ಎಣಿಕೆಯ ಬಗ್ಗೆ ಇವತ್ತಿಗೂ ಜಗಳ ನಿಂತಿಲ್ಲ.

ನನಗೆ ಈ ಕಲ್ಪನೆ ತುಂಬ ಇಷ್ಟ. ಕಷ್ಟವೆಂದರೆ ಸಿಲಿಕಾನ್ ಒಳ್ಳೆಯ ಫಿಲ್ಟರ್ ಅಲ್ಲ. ಮೇಲ್ಪದರದಲ್ಲಿ ಹಸಿರು, ಕೆಂಪೂ ಸ್ವಲ್ಪ ಸ್ವಲ್ಪ ಸೇರಿಕೊಳ್ಳುತ್ತವೆ. ಶುದ್ಧ ಬಣ್ಣ ಬೇಕಾದರೆ ಪದರಗಳನ್ನು ಒಂದರಿಂದ ಒಂದು ಕಳೆಯಬೇಕು. 1000ದಿಂದ 900 ಕಳೆದರೆ ಉಳಿಯುವುದು 100. ನಾಯ್ಸ್ ಮಾತ್ರ ಕಳೆಯುವುದಿಲ್ಲ, ಕೂಡುತ್ತದೆ: 1900ರ ವರ್ಗಮೂಲ, 43.6. ಬೆಳಕು ಕಮ್ಮಿಯಾದ ಕೂಡಲೇ ಫೋವಿಯಾನ್ ಬಣ್ಣ ಕೆಡುವುದು ಈ ಒಂದು ವ್ಯವಕಲನದಿಂದ. ಸೂಕ್ಷ್ಮ ನೇಯ್ಗೆಯ ಬಟ್ಟೆಯನ್ನು ಸ್ಟುಡಿಯೊ ಬೆಳಕಿನಲ್ಲಿ ತೆಗೆಯುವಾಗ ಮಾತ್ರ ಅದರ ಚೊಕ್ಕತನ ಬೇಯರ್‌ಗೆ ಸುಲಭವಾಗಿ ಬಾರದು.

ಫ್ಯೂಜಿಯ ಎಕ್ಸ್-ಟ್ರಾನ್ಸ್ (2012) ಬೇಯರ್‌ನ ಸೋದರ ಸಂಬಂಧಿ: 6 × 6 ಜೋಡಣೆ, ಮಾಯಿರೆ (ಸೂಕ್ಷ್ಮ ನೇಯ್ಗೆಯ ಮೇಲೆ ಮೂಡುವ ಸುಳ್ಳು ಪಟ್ಟೆಗಳು) ಕಡಿಮೆ. ಇಷ್ಟು ಸಾಕು.

ಶಟರ್

ಸಿಮಾಸ್ ನಿಧಾನಕ್ಕೆ ಓದಿ ಗಳಿಸಿದ್ದಕ್ಕೆ ಬೆಲೆ ತೆರುವುದು ಇಲ್ಲಿ. ಒಂದೊಂದೇ ಸಾಲು ಓದುವಷ್ಟರಲ್ಲಿ ಫ್ಯಾನ್ ರೆಕ್ಕೆ ಬಾಗಿ ಕಾಣುತ್ತದೆ. ಹಲವು ಸಿಸಿಡಿಗಳಲ್ಲಿ ಎಲ್ಲ ಪಿಕ್ಸೆಲ್ ಒಟ್ಟಿಗೇ ಮುಚ್ಚುತ್ತಿದ್ದವು, ಇದಕ್ಕೆ ಗ್ಲೋಬಲ್ ಶಟರ್ ಅನ್ನುತ್ತಾರೆ. 2004ರ ನಿಕಾನ್ ಡಿ70 ಫ್ಲ್ಯಾಷ್ ಜೊತೆ 1/500 ಸೆಕೆಂಡ್ ಕೊಡುತ್ತಿದ್ದದ್ದು ಅದರಿಂದಲೇ. ಸಿಮಾಸ್‌ನಲ್ಲಿ ಅದೇ ಗ್ಲೋಬಲ್ ಶಟರನ್ನು ಫುಲ್ ಫ್ರೇಮ್ (35 ಎಂಎಂ ಫಿಲ್ಮ್‌ನಷ್ಟು ದೊಡ್ಡ ಸೆನ್ಸರ್) ಫೋಟೊ ಕ್ಯಾಮೆರಾಗೆ ಮೊದಲು ತಂದದ್ದು 2023ರಲ್ಲಿ ಪ್ರಕಟವಾದ ಸೋನಿ ಎ9 III. ಓದುವವರೆಗೆ ಚಾರ್ಜ್ ಇಟ್ಟುಕೊಳ್ಳಲು ಪ್ರತಿ ಪಿಕ್ಸೆಲ್‌ನಲ್ಲೂ ಜಾಗ ಬೇಕು, ಹಾಗಾಗಿ ಹಿಡಿಯುವ ಎಲೆಕ್ಟ್ರಾನ್ ಕಡಿಮೆ. ಅದರ ಮೂಲ ಐಎಸ್ಒ 100ರ ಬದಲು 250. ತುಂಬುವ ಬೆಳಕು 2.5 ಪಟ್ಟು ಕಮ್ಮಿ, ಅದರ ವರ್ಗಮೂಲದ ಲೆಕ್ಕದಲ್ಲಿ ಅತ್ಯುತ್ತಮ ಸ್ಥಿತಿಯ ಸ್ವಚ್ಛತೆ ಸುಮಾರು 1.6 ಪಟ್ಟು ಇಳಿಯುತ್ತದೆ. ಬೀಸುವ ಬ್ಯಾಟ್ ನೇರವಾಗಿ ಕಾಣಲೇಬೇಕಾದ ಕ್ರೀಡಾ ಛಾಯಾಗ್ರಾಹಕರಿಗೆ ಇದು ಲಾಭದ ವ್ಯವಹಾರ. ಟ್ರೈಪಾಡ್ ಮೇಲೆ ಬೆಟ್ಟ ತೆಗೆಯುವವರು ಇದಕ್ಕೆ ದುಡ್ಡು ಹಾಕಬೇಕಾಗಿಲ್ಲ.