ಫೋಟೋದಲ್ಲಿ ಕಪ್ಪು, ಅಸಲಿಗೆ ಕೆಂಪು

ಎರಡನೇ ಮಹಾಯುದ್ಧದ ಫೋಟೋ ನೋಡಿ, ಅದರಲ್ಲಿರುವ ಬ್ರಿಟಿಷ್ ಗಾಡಿ ಯಾವ ಪಡೆಯದು ಎಂದು ಹೇಳುವುದು ನನ್ನ ಕೆಲಸ. ಫೋಟೋ ತಂದವರ ಬೆರಳು ಮೊದಲು ಹೋಗುವುದು ಬಿಳಿ ನಕ್ಷತ್ರದ ಮೇಲೆ. "ಇದು ಅಮೆರಿಕದ್ದು ಅಲ್ವಾ?" ಅಂತಾರೆ. ಹಾಗೇನಿಲ್ಲ. 1944ರಲ್ಲಿ ನಾರ್ಮಂಡಿಯಲ್ಲಿ ಇಳಿದ ಬ್ರಿಟಿಷ್ ಗಾಡಿಗಳ ಮೇಲೂ ಅದೇ ನಕ್ಷತ್ರ ಇತ್ತು. ನಾವು ನಿಮ್ಮವರೇ, ಗುಂಡು ಹಾರಿಸಬೇಡಿ ಎನ್ನಲು ಬಳಿದದ್ದು ಅದು, ಅಷ್ಟೇ.

ಪಡೆಯ ಗುರುತು ಬೇಕಾದರೆ ಬಂಪರ್, ಮಡ್‌ಗಾರ್ಡ್ ಹತ್ತಿರ ನೋಡಬೇಕು. ಅಲ್ಲಿ ಎರಡು ಗುರುತು ಹುಡುಕುತ್ತೇನೆ. ಒಂದು ಡಿವಿಜನ್ ಚಿಹ್ನೆ. ಡಿವಿಜನ್ ಅಂದರೆ ಸೇನೆಯ ಒಂದು ದೊಡ್ಡ ತುಕಡಿ, ಆರ್ಮರ್ಡ್ ಅಂದರೆ ಟ್ಯಾಂಕುಗಳದ್ದು. 7ನೇ ಆರ್ಮರ್ಡ್ ಡಿವಿಜನ್ನಿಗೆ ಕೆಂಪು ಜೆರ್ಬೋವಾ, ಅಂದರೆ ಮರುಭೂಮಿಯ ಕುಪ್ಪಳಿಸುವ ಇಲಿ. ಗಾರ್ಡ್ಸ್ ಆರ್ಮರ್ಡ್ ಡಿವಿಜನ್ನಿಗೆ ತೆರೆದ ಕಣ್ಣು. 4ನೇ ಇಂಡಿಯನ್ ಡಿವಿಜನ್ನಿಗೆ ಕೆಂಪು ಹದ್ದು. ಬೆಂಗಳೂರಿನಿಂದ ಹೊರಟ ಮದ್ರಾಸ್ ಸ್ಯಾಪರ್ಸ್‌ (ಸೇನೆಯ ಎಂಜಿನಿಯರ್ ದಳ) ಕೆಲವು ಕಂಪನಿಗಳು ಇಟಲಿಯಲ್ಲಿ ಇದೇ ಹದ್ದಿನ ಕೆಳಗೆ ದುಡಿದಿದ್ದವು.

ಇನ್ನೊಂದು, ಬಣ್ಣದ ಚೌಕ ಮತ್ತು ಅದರೊಳಗಿನ ಅಂಕಿ. ಬಣ್ಣ ಯಾವ ದಳ ಎಂದು ಹೇಳುತ್ತದೆ, ಅಂಕಿ ಆ ಡಿವಿಜನ್ನಿನೊಳಗೆ ಯಾವ ಘಟಕ ಎಂದು. ಬರೀ ಅಂಕಿಯಿಂದ ಏನೂ ಗೊತ್ತಾಗುವುದಿಲ್ಲ. 1944ರ ಹೊತ್ತಿಗೆ ಎಲ್ಲ ಆರ್ಮರ್ಡ್ ಡಿವಿಜನ್ನುಗಳಲ್ಲೂ ಒಂದು 53 ಇತ್ತು. ಆದರೆ ತೆರೆದ ಕಣ್ಣಿನ ಜೊತೆ 53 ಸಿಕ್ಕಿತೋ, ಅದು ಐರಿಷ್ ಗಾರ್ಡ್ಸ್‌ನ 2ನೇ ಬೆಟಾಲಿಯನ್. ಆ ಸೆಪ್ಟೆಂಬರಿನಲ್ಲಿ ನೆದರ್‌ಲ್ಯಾಂಡ್ಸ್‌ನ ಆರ್ನೆಮ್ ಕಡೆ ಹೊರಟ ಸಾಲಿನ ಮುಂದಿದ್ದ ಟ್ಯಾಂಕುಗಳು ಇವರವೇ.

ಎಡವುವುದು ಬಣ್ಣದಲ್ಲಿ. ಆಗ ಬಳಕೆಯಲ್ಲಿದ್ದ ಕಪ್ಪು-ಬಿಳುಪು ಫಿಲ್ಮುಗಳಲ್ಲಿ ಒಂದು ಬಗೆ ಆರ್ಥೋಕ್ರೋಮ್ಯಾಟಿಕ್. ಅದಕ್ಕೆ ಕೆಂಪು ಬೆಳಕು ತಾಕುತ್ತಲೇ ಇರಲಿಲ್ಲ. ಹಾಗಾಗಿ ಕೆಂಪು ಕಪ್ಪಾಗಿ ಬರುತ್ತದೆ, ನೀಲಿ ಬಿಳಿಚಿಕೊಳ್ಳುತ್ತದೆ. ಹಳದಿಯೂ ನಾವು ಅಂದುಕೊಂಡದ್ದಕ್ಕಿಂತ ಕಪ್ಪಗೆ ಬರುತ್ತದೆ. ಫಿರಂಗಿ ದಳದ ಚೌಕ ಮೇಲರ್ಧ ಕೆಂಪು, ಕೆಳಗರ್ಧ ನೀಲಿ. ಈ ಫಿಲ್ಮಿನಲ್ಲಿ ಅದು ಕಪ್ಪು-ಬಿಳಿ ಆಗಿಬಿಡುತ್ತದೆ. ಸಿಗ್ನಲ್ಸ್‌ನವರದು, ಅಂದರೆ ಸಂಪರ್ಕ ದಳದವರದು, ಬಿಳಿಯ ಕೆಳಗೆ ನೀಲಿ. ಎರಡು ಬಣ್ಣ ಇದೆ ಅಂತಲೇ ಅನಿಸುವುದಿಲ್ಲ.

ನಾನೂ ಒಮ್ಮೆ ಬೇಸ್ತು ಬಿದ್ದಿದ್ದೇನೆ. ಕಪ್ಪು ಚೌಕ, ಮಸುಕಾದ ಅಂಕಿ. ಡಿವಿಜನ್ ಹೆಡ್‌ಕ್ವಾರ್ಟರ್ಸ್‌ಗೆ ಕಪ್ಪು ಚೌಕದಲ್ಲಿ 40 ಎಂದು ಗೊತ್ತಿತ್ತು. 40 ಎಂದೇ ಓದಿದೆ. ಅಲ್ಲಿದ್ದದ್ದು 50. ಕೆಂಪು ಚೌಕ, ಡಿವಿಜನ್ನಿನೊಳಗಿನ ಆರ್ಮರ್ಡ್ ಬ್ರಿಗೇಡಿನ ಹೆಡ್‌ಕ್ವಾರ್ಟರ್ಸ್. ಫೋಟೋ ಕೆಳಗಿನ ಸಾಲು ಅಷ್ಟರಲ್ಲಿ ಅಚ್ಚಾಗಿ ಹೋಗಿತ್ತು! ಬಣ್ಣ ಮೊದಲೇ ತೀರ್ಮಾನಿಸಿದರೆ ಕಣ್ಣು ಅದಕ್ಕೆ ತಕ್ಕ ಅಂಕಿಯನ್ನೇ ಓದುತ್ತದೆ ನೋಡಿ.

ಈಗ ಮೊದಲು ಫಿಲ್ಮ್ ಯಾವುದು ಎಂದು ಪತ್ತೆ ಮಾಡುತ್ತೇನೆ. ಅದೇ ಫೋಟೋದಲ್ಲಿ ಬ್ರಿಟಿಷ್ ಬಾವುಟ ಇದ್ದರೆ ಅದೃಷ್ಟ. ಬಾವುಟದ ನೀಲಿಗಿಂತ ಕೆಂಪು ತುಂಬಾ ಕಪ್ಪಗಿದ್ದರೆ ಆರ್ಥೋಕ್ರೋಮ್ಯಾಟಿಕ್ ಎಂದು ಅನುಮಾನಿಸಬಹುದು. ಆಂಬ್ಯುಲೆನ್ಸಿನ ರೆಡ್‌ಕ್ರಾಸ್ ಇದ್ದರೂ ಸಹಾಯ ಆಗುತ್ತದೆ.

ನೆಗೆಟಿವ್ ತಿರುವುಮುರುವಾಗಿ ಪ್ರಿಂಟಾಗಿದೆಯಾ ಅಂತಲೂ ನೋಡಬೇಕು. 51ನೇ ಹೈಲ್ಯಾಂಡ್ ಡಿವಿಜನ್ನಿನ 'ಎಚ್‌ಡಿ' ಇದ್ದರೆ ತಕ್ಷಣ ಗೊತ್ತಾಗುತ್ತದೆ. 50ನೇ ಡಿವಿಜನ್ನಿನ ಜೋಡಿ 'ಟಿ' ಕನ್ನಡಿಯಲ್ಲೂ ಹಾಗೇ ಕಾಣುತ್ತದೆ, ಸುಮ್ನೆ ಮೋಸ ಹೋಗುತ್ತೇವೆ. ಸ್ಟೀರಿಂಗ್ ಎಡಕ್ಕಿದೆ, ಹಾಗಾಗಿ ಫೋಟೋ ತಿರುವುಮುರುವಾಗಿದೆ ಎನ್ನುವಂತೆಯೂ ಇಲ್ಲ. ಬ್ರಿಟಿಷರ ಹತ್ತಿರ ಅಮೆರಿಕದ ಲಾರಿಗಳು ಬೇಕಾದಷ್ಟಿದ್ದವು.

ಕೆಲವು ಫೋಟೋಗಳಲ್ಲಿ ಸೆನ್ಸಾರಿನವರು ಗುರುತನ್ನೇ ಅಳಿಸಿರುತ್ತಾರೆ. ಟ್ಯಾಂಕಾದರೆ ಗೋಪುರದ ಮೇಲಿನ ಆಕಾರ ಉಳಿದಿರಬಹುದು. ತ್ರಿಕೋನ 'ಎ' ಸ್ಕ್ವಾಡ್ರನ್ (ಟ್ಯಾಂಕ್ ಪಡೆಯೊಳಗಿನ ಸಣ್ಣ ತುಕಡಿ), ಚೌಕ 'ಬಿ', ವೃತ್ತ 'ಸಿ'. ಅದೂ ಇಲ್ಲದಿದ್ದರೆ ನಾನು ಲೆನ್ಸ್ ಹಿಡಿದು ಹಿಂದಿನ ಸಾಲಿನ ಗಾಡಿಗಳನ್ನು ನೋಡುತ್ತೇನೆ. ಮುಂದಿನ ಗಾಡಿಯ ಗುರುತು ಅಳಿಸಿ, ಹಿಂದಿನದನ್ನು ಮರೆತದ್ದೂ ಉಂಟು.